ವಾಪಸಾಗದ ಎಂಬತ್ತು ಟನ್

14 ಸೆಪ್ಟೆಂಬರ್ 2007, ಮೆಲ್ಬರ್ನ್

ವೆರಿಬೀ ಟ್ರೇನ್ ಮತ್ತೆ ಲೇಟ್. ಆಫೀಸಿನವರೆಗೂ ನಿಂತೇ ಬಂದೆ. ಬೆಳಗಿನಿಂದ ಅದೇ ಕೆಲಸ, ಅಮೆರಿಕಕ್ಕೆ ಹೋಗುವ ಚೀಸ್ ಕೋಟಾ ಹಂಚುವುದು. ಎರಡನೇ ಮಹಾಯುದ್ಧ ಮುಗಿದ ಕಾಲದ ಕಂಟ್ರೋಲು, ಇನ್ನೂ ಸತ್ತಿಲ್ಲ. ಬಳಸದ ಟನ್ನುಗಳನ್ನು ತಿಂಗಳ ಕೊನೆಯೊಳಗೆ ವಾಪಸ್ ಕೊಡಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಅಷ್ಟೂ ಕಟ್.

ನಮ್ಮ ನಾರ್ತ್ ಸಿಡ್ನಿ ಆಫೀಸಿನಿಂದ ಗುರುದತ್ತ ಫೋನ್ ಮಾಡಿದ. ಹಡಗು ಬುಕ್ ಮಾಡುವವನು. ಪಕ್ಕದವರಿಗೆ ತಿಳಿಯಬಾರದೆಂದು ನಮ್ಮಿಬ್ಬರದು ಯಾವಾಗಲೂ ಕನ್ನಡ. "ಏನ್ ಮೇಡಂ, ಮಂಡ್ಯದವ್ರಿಗೆ ಚೀಸ್ ಅಂದ್ರೆ ಗೊತ್ತಾಗತ್ತಾ?" ಹಲ್ಲು ಕಚ್ಚಿಕೊಂಡೆ. ಈ ಮನುಷ್ಯನ ದನಿ ಕೇಳಿದರೇ ಮೈ ಉರಿಯುತ್ತದೆ. ಎಂಬತ್ತು ಟನ್ ವಾಪಸ್ ಕೊಡದೆ ಹೋಲ್ಡ್ ಮಾಡಬೇಕಂತೆ. ಇನ್ನೂ ಏನೇನೋ ಕೊರೆದ. ಏನೋ ಅಂದು ಫೋನಿಟ್ಟೆ.

2 ಅಕ್ಟೋಬರ್

ಎಂಬತ್ತು ಟನ್ ಕೈತಪ್ಪಿ ಹೋಯಿತು. ಹಡಗಿನಲ್ಲಿ ಜಾಗ ಸಿಗಲಿಲ್ಲ. ಕೋಟಾ ವಾಪಸೂ ಆಗಿಲ್ಲ. ಗುರುದತ್ತನ ಈಮೇಲ್, ಎಲ್ಲರಿಗೂ ಕಾಪಿ — ನನ್ನ ಹೆಸರು ಹಾಕಿಯೇ, ವಾಪಸ್ ಮಾಡಲು ರುದ್ರಾಣಿಗೆ ಹೇಳಿದ್ದೆ ಅಂತ. ಹಸಿ ಸುಳ್ಳು! ಹೋಲ್ಡ್ ಅಂದವನು ಅವನೇ. ಆದರೆ ಫೋನಿನಲ್ಲಿ, ಕನ್ನಡದಲ್ಲಿ. ಬರವಣಿಗೆಯಲ್ಲಿ ಒಂದಕ್ಷರವಿಲ್ಲ.

ಕೆಲಸ ಹೋದರೆ ವೀಸಾನೂ ಹೋಯಿತು. ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಇಲ್ಲೇ ಕಾಯಂ ನೆಲೆಸಲು ಪಿಆರ್ ಅರ್ಜಿ ಹಾಕಿ ಏಳು ತಿಂಗಳು... ಭಯವಾಗುತ್ತಿದೆ.

5 ಅಕ್ಟೋಬರ್

ಮತ್ತೆ ಅವನ ಫೋನ್. "ಒಪ್ಕೊಂಡ್ಬಿಡಿ ಮೇಡಂ. ವಾರ್ನಿಂಗ್ ಕೊಟ್ಟು ಬಿಡ್ತಾರೆ."

"ನಾಚ್ಕೆ ಆಗಲ್ವಾ ನಿಮಗೆ? ಇನ್ಮೇಲೆ ನನ್ ಜೊತೆ ಇಂಗ್ಲಿಷಲ್ಲೇ ಮಾತಾಡಿ."

ಫೋನ್ ಕುಕ್ಕಿದೆ. ಖುಷಿಯಾಯಿತು.

11 ಅಕ್ಟೋಬರ್

ಆಫೀಸಿನ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವಂತೆ! ವಿಚಾರಣೆ ಮಾಡುತ್ತಿರುವ ಹೆಲೆನ್ ಹೇಳಿದಳು. ಕೆಲಸಕ್ಕೆ ಸೇರಿದ ದಿನ ಅದರ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಿದ್ದೆ. ಹೊರಗಿನ ಅನುವಾದಕರಿಗೆ ಮೂರು ವಾರ ಬೇಕಂತೆ, ಮೀಟಿಂಗ್ ನಾಳೆ. ಆ ಕರೆಯನ್ನು ನೀನೇ ಇಂಗ್ಲಿಷಿಗೆ ಮಾಡಿಕೊಡು, ಅವನನ್ನು ಇಲ್ಲಿ ಯಾರೂ ನಂಬುವುದಿಲ್ಲ, ನಿನ್ನನ್ನು ನಾನು ನಂಬುತ್ತೇನೆ ಅಂದಳು.

ಸಿಕ್ಕಿಬಿದ್ದ ಮಗ.

12 ಅಕ್ಟೋಬರ್, ಬೆಳಿಗ್ಗೆ 11

ಸೆಪ್ಟೆಂಬರ್ 14ರ ಕರೆಯ ರೆಕಾರ್ಡಿಂಗ್ ನಾಲ್ಕು ಸಲ ಕೇಳಿದೆ.

"ಎಂಬತ್ತು ಟನ್ ಹೋಲ್ಡ್ ಮಾಡಿ, ಹಡಗು ಸಿಗ್ಬೋದು." ಇಷ್ಟು ನೆನಪಿತ್ತು. ಆಮೇಲೆ, "28ನೇ ತಾರೀಖಿಗೂ ಸಿಗ್ಲಿಲ್ಲ ಅಂದ್ರೆ ನೀವೇ ವಾಪಸ್ ಮಾಡ್ಬಿಡಿ. ನನ್ನ ಕಾಯ್ಬೇಡಿ."

ಆಮೇಲೆ ಒಂದು ಹೆಂಗಸಿನ ದನಿ, ಸಿಡುಕು. "ಗೊತ್ರೀ. ನೀವ್ ಹೇಳ್ಕೊಡೋದ್ ಬೇಡ."

ನಾನೇ. ಮಾತು ಕಿವಿಗೆ ಬಿದ್ದೇ ಇರಲಿಲ್ಲ. ಅವನ ಮೇಲಿನ ಸಿಟ್ಟಿಗೆ, ಯಾವಾಗ ಫೋನಿಡುತ್ತಾನೋ ಅಂತ ಕಾಯುತ್ತಿದ್ದೆ.

11:40

ಮೊದಲ ಸಾಲು ಟೈಪ್ ಮಾಡಿದೆ. ಹೋಲ್ಡ್ ಮಾಡಿ, ಹಡಗು ಸಿಗಬಹುದು. ಅದರಲ್ಲಿ ಸುಳ್ಳಿಲ್ಲ. ಉಳಿದದ್ದನ್ನು ಬಿಟ್ಟರೆ ಈ ಕಟ್ಟಡದಲ್ಲಿ ಯಾರಿಗೂ ತಿಳಿಯುವುದಿಲ್ಲ. ಹೆಲೆನ್ ನನಗೂ ಒಂದು ಕಾಫಿ ತಂದಿದ್ದಾಳೆ. ಮುಗಿಯಿತಾ ಅಂತ ಕೇಳುತ್ತಿದ್ದಾಳೆ.

ಎರಡನೆಯ ಸಾಲು —