ಐದು ಸ್ಟಾರಿನ ಟೀಚರ್

ಕಾಲೇಜು ಹಾಸ್ಟೆಲ್, ಎರಡನೇ ಮಹಡಿ
ಶನಿವಾರ, ಫೆಬ್ರವರಿ ೧೫

ಪ್ರೀತಿಯ ಅಕ್ಕ,

ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಐದು ವಾರವಾಯಿತು. ದಿನವೂ ತೆಗೆದು ನೋಡಿದೆ, ದಿನವೂ ನಾಳೆ ಬರೆಯುತ್ತೇನೆ ಎಂದು ಮಡಚಿಟ್ಟೆ. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತಿದೆ, ನಿದ್ದೆ ಅಷ್ಟಕ್ಕಷ್ಟೆ, ಉಗುರು ಕಚ್ಚುವುದು ಬಿಟ್ಟಿಲ್ಲ. ಮೊದಲ ಸೆಮಿಸ್ಟರಿನ ಅಂಕ ಇನ್ನೂ ಬಂದಿಲ್ಲ, ಬಂದಾಗ ಕೇಳಬೇಡ, ನಾನೇ ಹೇಳುತ್ತೇನೆ. ಪುಟ್ಟಿಗೆ ಹಲ್ಲು ಬಂದದ್ದೂ, ಮೊದಲು ಕಚ್ಚಿದ್ದು ಭಾವನ ಮೂಗನ್ನೇ ಎಂಬುದೂ ಓದಿ ಒಬ್ಬಳೇ ನಕ್ಕೆ.

ಫೋನಿನಲ್ಲಿ ಹೇಳಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನು ಎರಡನೇ ಮಾತಿಗೇ ಹೋಗಲಿ ಬಿಡೇ ಎನ್ನುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಆರನೇ ವಯಸ್ಸಿನಿಂದ ಒಂದಲ್ಲ ಒಂದು ಹಾಸ್ಟೆಲಿನಲ್ಲಿ ಕೂತು ನಿನಗೆ ಕಾಗದ ಬರೆದೇ ನನಗೆ ಇಷ್ಟು ಕನ್ನಡ ಉಳಿದಿದೆ. ಇಂಗ್ಲಿಷಿನಲ್ಲಿ ಬರೆದರೆ ಇನ್ನೂ ಬೇಗ ಮುಗಿಯುತ್ತಿತ್ತು, ಆದರೆ ಆ ಭಾಷೆಯಲ್ಲಿ ನನಗೆ ಸುಳ್ಳು ಬಹಳ ಸಲೀಸು.

ನೀನು ಕೇಳಿದ್ದೆ, ಆನ್‌ಲೈನ್ ಪಾಠ ಹೇಗೆ ನಡೀತಿದೆ, ಸ್ಟೂಡೆಂಟ್ಸ್ ಜೊತೆ ಹೊಂದ್ಕೊಂಡ್ಯಾ ಅಂತ. ಹೊಂದಿಕೊಂಡಿದ್ದೇನೆ ಅಕ್ಕ. ಹೇಗೆ ಹೊಂದಿಕೊಳ್ಳಬೇಕು ಎಂದೇ ಕಂಪನಿಯವರು ಪಾಠ ಹೇಳುವ ನಮಗೆ ಮೂರು ದಿನ ಟ್ರೇನಿಂಗ್ ಕೊಟ್ಟರು. ಕೊಟ್ಟವನಿಗೆ ನಾವು ಇಟ್ಟ ಹೆಸರು ಹಲ್ಲು ಸಾರ್. ಮೂರು ದಿನವೂ ಆತ ತುಟಿ ಮುಚ್ಚಿದ್ದನ್ನು ಯಾರೂ ನೋಡಲಿಲ್ಲ. ಇಂಗ್ಲಿಷ್ ಕಲಿಸುವುದು ಹೇಗೆಂದು ಹೇಳಿದ್ದು ಅರ್ಧ ಗಂಟೆ, ಉಳಿದದ್ದೆಲ್ಲ ಸಂಬಂಧ. ನೀವು ಸಂಬಂಧ ಬೆಳೆಸಿ, ಇಂಗ್ಲಿಷ್ ತಾನಾಗೇ ಬೆಳೆಯುತ್ತೆ ಎಂದ. ಅದೇನು ಗೋಡೆಗೆ ಹಬ್ಬುವ ಬಳ್ಳಿಯೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನು ಯಾವತ್ತು ಏನು ಕೇಳಿದ್ದೇನೆ?

ಸಂಬಂಧ ಬೆಳೆಸುವ ವಿಧಾನ ಹೀಗೆ. ಕ್ಲಾಸು ಇಪ್ಪತ್ತೈದು ನಿಮಿಷ. ಮೊದಲ ಮೂರು ನಿಮಿಷ ಪ್ರೀತಿ. ಸ್ಟೂಡೆಂಟಿನ ಹೆಸರನ್ನು ಕಡಿಮೆಯೆಂದರೆ ಐದು ಸಲ ಹೇಳಬೇಕು, ಸಾಲಕೊಟ್ಟವನ ಹಾಗಲ್ಲ, ಸೋದರಮಾವನ ಹಾಗೆ. ನಗುವಾಗ ಮೇಲಿನ ಹಲ್ಲು ಮಾತ್ರ ಕಾಣಬೇಕು, ಕೆಳಗಿನದು ಕಂಡರೆ ಭಯ ಹುಟ್ಟುತ್ತದಂತೆ. ಮುಗಿಯುವಾಗ ಎರಡೂ ಕೈ ಬೀಸಬೇಕು. ತಪ್ಪು ಎಂಬ ಶಬ್ದವನ್ನು ಆಡಲೇಬಾರದು. ಸ್ಕ್ರೀನಿನ ಮೂಲೆಯಲ್ಲಿ ಒಬ್ಬೊಬ್ಬರಿಗೂ ಒಂದು ಹಳದಿ ಕಾರ್ಡು ಇರುತ್ತದೆ. ಅವರ ಮನೆ, ಮಕ್ಕಳು, ಮಂಡಿನೋವು ಎಲ್ಲ ಅದರಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ರಾತ್ರಿಯೆಲ್ಲ ಅದನ್ನೇ ನೆನೆದು ಕಣ್ಣೀರಿಟ್ಟವಳಂತೆ ಕೇಳಬೇಕು. ಕ್ಲಾಸು ಮುಗಿದ ಕೂಡಲೇ ಅವರು ನಮಗೆ ಐದರಲ್ಲಿ ಇಂತಿಷ್ಟು ಸ್ಟಾರ್ ಕೊಡುತ್ತಾರೆ. ಕಡಿಮೆಯಾದರೆ ನಮ್ಮ ಫೋಟೋ ಪಟ್ಟಿಯ ಕೊನೆಗೆ ಹೋಗುತ್ತದೆ. ಆ ಕೊನೆಯವರೆಗೆ ಸ್ಕ್ರೋಲ್ ಮಾಡಿದವರು ಈ ಭೂಮಿಯ ಮೇಲೆ ಇಲ್ಲ.

ಮೊದಲ ವಾರ ನಾನು ದಡ್ಡಿಯ ಹಾಗೆ ನಿಜವಾಗಿಯೂ ಪಾಠ ಮಾಡಿದೆ. ಒಬ್ಬ ಫರ್ನಿಚರ್ ಅಂಗಡಿಯವನು ಒಂದೇ ತಪ್ಪನ್ನು ಒಂಬತ್ತು ಸಲ ಮಾಡಿದ, ನಾನು ಒಂಬತ್ತು ಸಲವೂ ತಿದ್ದಿದೆ. ಅವನು ಎರಡು ಸ್ಟಾರ್ ಕೊಟ್ಟು, ಟೀಚರ್ ಮುಖ ಪರೀಕ್ಷಾ ಕೊಠಡಿ ಇದ್ದ ಹಾಗಿದೆ ಎಂದು ಬರೆದ. ನಾಲ್ಕು ದಿನ ಯಾರೂ ನನ್ನ ಕ್ಲಾಸು ಬುಕ್ ಮಾಡಲಿಲ್ಲ. ನಾಲ್ಕು ದಿನವೂ ಗಳಿಗೆಗೊಮ್ಮೆ ಪಟ್ಟಿ ತೆರೆದು ನನ್ನ ಫೋಟೋ ಎಲ್ಲಿದೆ ಎಂದು ಹುಡುಕಿದೆ. ಕಂಪನಿ ಬೇಡವೆನ್ನುತ್ತದೆ ಎಂಬ ಚಿಂತೆಯಲ್ಲ ಅದು. ಎಲ್ಲೋ ಇರುವ ಒಬ್ಬ ಮೇಜು ಮಾರುವವನಿಗೆ ನಾನು ಇಷ್ಟವಾಗಲಿಲ್ಲವಲ್ಲ, ಅದಕ್ಕೆ.

ನನ್ನ ರೂಮಿನವಳೂ ಇದೇ ಕೆಲಸ ಮಾಡುತ್ತಾಳೆ. ಮುಖದ ಮುಂದೆ ಬಳೆಯಾಕಾರದ ದೊಡ್ಡ ದೀಪ ಇಟ್ಟುಕೊಂಡು ಕೂರುವುದರಿಂದ ಅವಳ ಹೆಸರೇ ಲೈಟು. ಅವಳ ಇಂಗ್ಲಿಷ್ ಕೇಳಿದರೆ ನೀನೇ ವಾಸಿ, ಆದರೂ ಅವಳು ಪಟ್ಟಿಯ ಮೇಲಿನ ಸಾಲಿನಲ್ಲಿದ್ದಾಳೆ. ಅವಳೇ ನನ್ನ ತಲೆ ಸವರಿ ಹೇಳಿದ್ದು:

"ತಿದ್ದೋಕೆ ಯಾಕೆ ಹೋಗ್ತೀಯೇ? ಅವರೇನು ನಿನ್ನ ತಂಗೀರಾ? ಗುಡ್ ಅನ್ನು, ನಗು, ಮುಂದಿನ ಪುಟಕ್ಕೆ ಹೋಗು. ಕಲಿಯೋರು ಹೇಗೂ ಕಲೀತಾರೆ."

ಅಂದಿನಿಂದ ನಾನು ಎಲ್ಲದಕ್ಕೂ ಎಕ್ಸಲೆಂಟ್. ಹಾಸ್ಟೆಲಿನ ಇಸ್ತ್ರಿ ಕೋಣೆಯಲ್ಲಿ ಬೆನ್ನ ಹಿಂದೆ ನೀಲಿ ಬೆಡ್‌ಶೀಟು ಕಟ್ಟಿ, ಹಲ್ಲು ಗಿಂಜಿಕೊಂಡು ಕೂರುತ್ತೇನೆ. ಪಕ್ಕದಲ್ಲಿ ಯಾರಾದರೂ ಇಸ್ತ್ರಿ ಮಾಡುತ್ತಿದ್ದರೆ ನನ್ನ ಪ್ರೀತಿಯ ನಡುವೆ ಬುಸ್ ಎಂದು ಆವಿ ಕೇಳಿಸುತ್ತದೆ. ಮೂರು ತಿಂಗಳಲ್ಲಿ ನಾನು ನಾಲ್ಕು ಪಾಯಿಂಟ್ ಒಂಬತ್ತು. ಯಾರೂ ಒಂದಕ್ಷರ ಕಲಿತಿಲ್ಲ, ಎಲ್ಲರಿಗೂ ನನ್ನ ಮೇಲೆ ಪ್ರಾಣ. ಬೆಣ್ಣೆ ಹಚ್ಚಿಸಿಕೊಳ್ಳುವುದನ್ನೇ ವಿದ್ಯೆ ಎಂದುಕೊಂಡ ಇಂಥ ಜನಕ್ಕೆ ಇನ್ನೇನು ಹೇಳಲಿ, ಹಚ್ಚುವವಳಿಗೂ ಏನು ಹೇಳಲಿ.

ಇವರಲ್ಲಿ ಒಬ್ಬರ ವಿಷಯ ನಿನಗೆ ಹೇಳಬೇಕು. ಒಬ್ಬ ನರ್ಸ್. ನಲವತ್ತೆಂಟು ವರ್ಷ. ಒಂದು ಸಣ್ಣ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಆ ಆಸ್ಪತ್ರೆಯನ್ನು ಈಗ ದೊಡ್ಡದೊಂದು ಕೊಂಡುಕೊಂಡಿದೆ. ಕೊಂಡವರ ಹೊಸ ನಿಯಮವೆಂದರೆ, ಮುಖ್ಯ ಕಚೇರಿಯ ಡಾಕ್ಟರೊಬ್ಬರ ಜೊತೆ ವಿಡಿಯೋದಲ್ಲಿ ಹತ್ತು ನಿಮಿಷ ಇಂಗ್ಲಿಷ್ ಮಾತಾಡಿ ಪಾಸಾದವರು ವಾರ್ಡಿನಲ್ಲಿ ಉಳಿಯುತ್ತಾರೆ. ಫೇಲಾದವರು ನೆಲಮಾಳಿಗೆಗೆ ಹೋಗಿ ಕತ್ತರಿ, ಚಾಕು, ತಟ್ಟೆಗಳನ್ನು ಯಂತ್ರಕ್ಕೆ ಹಾಕಿ ಕುದಿಸುತ್ತ ಕೂರಬೇಕು. ರೋಗಿಯ ಮುಖ ನೋಡುವ ಹಾಗಿಲ್ಲ.

ಅವರು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ನರ್ಸುಗಳು ಬಟ್ಟೆ ಬದಲಿಸುವ ಕೋಣೆಯಿಂದ ಕ್ಲಾಸಿಗೆ ಬರುತ್ತಿದ್ದರು. ಫೋನನ್ನು ಯಾವುದೋ ಕಪಾಟಿನೊಳಗೆ ಒರಗಿಸಿ ಇಡುತ್ತಿದ್ದರು. ನನಗೆ ಅವರ ಮುಖ ಅರ್ಧ, ಕಪಾಟಿನ ಬಾಗಿಲು ಅರ್ಧ ಕಾಣುತ್ತಿತ್ತು. ನನಗಿಂತ ಮೂವತ್ತು ವರ್ಷ ದೊಡ್ಡವರು, ನಾನು ಸ್ಕ್ರೀನಿಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ಆಗ ಸೊಂಟ ಮಾತ್ರ ಕಾಣುತ್ತಿತ್ತು. ಕೂತ್ಕೊಳ್ಳಿ ಮೇಡಂ ಎಂದರೆ, "ಅಯ್ಯೋ, ಟೀಚರ್ ನೀವು, ನನ್ನ ಮೇಡಂ ಅನ್ಬೇಡಿ" ಎನ್ನುತ್ತಿದ್ದರು.

ಎರಡನೇ ಕ್ಲಾಸಿನಲ್ಲೇ ನನಗೆ ಅವರ ರೋಗ ಗೊತ್ತಾಯಿತು. ಏನು ಕೇಳಿದರೂ ಎಸ್ ಟೀಚರ್. ಅರ್ಥವಾದರೂ ಎಸ್, ಆಗದಿದ್ದರೂ ಎಸ್, ಜೊತೆಗೊಂದು ನಗು, ಕೋಲೆ ಬಸವನ ಹಾಗೆ ತಲೆಯಾಟ. ಪರೀಕ್ಷಿಸೋಣವೆಂದು ಇಂಗ್ಲಿಷಿನಲ್ಲಿ ಕೇಳಿದೆ, ನಾಳೆಯಿಂದ ನಾನು ನಿಮ್ಮ ಈ ಕಪಾಟಿನೊಳಗೇ ಬಂದು ಸಂಸಾರ ಹೂಡಲಾ ಎಂದು. ಎಸ್ ಟೀಚರ್ ಎಂದರು, ಬಹಳ ಸಂತೋಷದಿಂದ.

ಆ ಎಸ್ ನನಗೆ ಚೆನ್ನಾಗಿ ಗೊತ್ತು ಅಕ್ಕ. ಮೊದಲ ಹಾಸ್ಟೆಲಿನಲ್ಲಿ ಎರಡು ವರ್ಷ ನಾನು ಅದನ್ನೇ ಉಂಡು ಬದುಕಿದ್ದು. ಮಿಸ್ ಏನು ಕೇಳಿದಳೋ ದೇವರಿಗೇ ಗೊತ್ತು, ಎಸ್ ಮಿಸ್ ಎಂದರೆ ಮುಂದಿನವಳ ಹತ್ತಿರ ಹೋಗುತ್ತಿದ್ದಳು. ಇಂಕಿನ ಬಾಟಲಿ ಒಡೆದವಳು ನೀನೇನಾ ಎಂದಾಗಲೂ ಎಸ್ ಮಿಸ್ ಎಂದು ಒಂದು ವಾರ ಆಟ ಬಿಟ್ಟು ಕೂತಿದ್ದೆ. ಆದ್ದರಿಂದ ನರ್ಸಿನ ಎಸ್ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಬಿಡಿಸಬೇಕು, ಎರಡೂ ನನಗೆ ಗೊತ್ತಿತ್ತು. ನಿಲ್ಲಿಸಿ, ನಿಮಗೆ ಅರ್ಥವಾಗಿಲ್ಲ, ಅರ್ಥವಾಗಲಿಲ್ಲ ಎಂದು ಹೇಳುವುದನ್ನು ಮೊದಲು ಕಲಿಯಿರಿ ಎನ್ನಬೇಕಿತ್ತು. ಒಂದು ದಿನ ಮುಖ ಸಣ್ಣದಾಗುತ್ತಿತ್ತು, ಒಂದು ಸ್ಟಾರ್ ಹೋಗುತ್ತಿತ್ತು.

ನಾನು ಎಕ್ಸಲೆಂಟ್ ಎಂದೆ.

ಆಮೇಲೆ ಹಳದಿ ಕಾರ್ಡು ತೆಗೆದು ಅವರ ಮನೆಯ ಬೆಕ್ಕಿನ ವಿಷಯ ಕೇಳಿದೆ. ಮೂರು ಕಾಲಿನ ಬೆಕ್ಕು. ಇಪ್ಪತ್ತೈದರಲ್ಲಿ ಹತ್ತು ನಿಮಿಷ ನಮ್ಮ ಕ್ಲಾಸು ಬೆಕ್ಕಿನದೇ ಆಗುತ್ತಿತ್ತು. ಬೆಕ್ಕಿನ ಬಗ್ಗೆ ಆಕೆಗೆ ಹದಿನಾಲ್ಕು ಇಂಗ್ಲಿಷ್ ವಾಕ್ಯ ಬಾಯಿಪಾಠ. ನನ್ನ ಕ್ಲಾಸಿನ ರೆಕಾರ್ಡಿಂಗನ್ನು ಹಲ್ಲು ಸಾರ್ ಹೊಸಬರಿಗೆಲ್ಲ ತೋರಿಸಿ, ಸಂಬಂಧ ಅಂದ್ರೆ ಇದು ನೋಡಿ ಎಂದನಂತೆ.

ಕಳೆದ ಮಂಗಳವಾರ ಅವರ ಇಂಟರ್ವ್ಯೂ ಆಯಿತು. ಬುಧವಾರ ಕ್ಲಾಸಿಗೆ ಬಂದು, ಈ ಸಲ ಎದ್ದು ನಿಲ್ಲದೆ, ಎಲ್ಲವನ್ನೂ ನಮ್ಮ ಭಾಷೆಯಲ್ಲೇ ಹೇಳಿದರು. ಮೊದಲ ಎರಡು ಪ್ರಶ್ನೆ ಹೆಸರು, ವರ್ಷ. ಚೆನ್ನಾಗಿಯೇ ಹೇಳಿದರಂತೆ. ಮೂರನೆಯದು ಸ್ವಲ್ಪ ಉದ್ದವಿತ್ತಂತೆ.

"ಅದೇನು ಕೇಳಿದ್ರೋ ಟೀಚರ್, ನಗ್ತಾನೇ ಕೇಳಿದ್ರು. ನಾನೂ ನಗ್ತಾನೇ ಎಸ್ ಸರ್ ಅಂದೆ. ಎಷ್ಟು ಸಲ ಅಂತ ಕೇಳಿದ್ರಂತೆ. ಅದಕ್ಕೂ ಎಸ್ ಸರ್ ಅಂದೆ. ಆಮೇಲೆ ಅವರು ನಗ್ಲಿಲ್ಲ."

ಹೊರಗೆ ಬಂದ ಮೇಲೆ ಚಿಕ್ಕ ನರ್ಸೊಬ್ಬಳು ಬಿಡಿಸಿ ಹೇಳಿದಳಂತೆ. ಡಾಕ್ಟರು ಕೇಳಿದ್ದು, ರೋಗಿಗೆ ತಪ್ಪು ಔಷಧಿ ಕೊಟ್ಟು ಯಾರಿಗೂ ತಿಳಿಸದೆ ಮುಚ್ಚಿಟ್ಟದ್ದು ಯಾವತ್ತಾದರೂ ಉಂಟಾ ಎಂದು.

ನಗು ಬಂದರೆ ನಕ್ಕುಬಿಡು. ಲೈಟು ಮಂಚದಿಂದ ಬೀಳುವಷ್ಟು ನಕ್ಕಳು. ಇಪ್ಪತ್ತೆರಡು ವರ್ಷ ಒಂದು ಮಾತ್ರೆ ಹೆಚ್ಚುಕಡಿಮೆ ಮಾಡದ ಹೆಂಗಸು ಸೋಮವಾರದಿಂದ ನೆಲಮಾಳಿಗೆಗೆ ಹೋಗುತ್ತಾರೆ. ಬೆಕ್ಕಿನ ಬಗ್ಗೆ ಯಾರೂ ಏನೂ ಕೇಳಲಿಲ್ಲವಂತೆ. ನಾನು ಹಲ್ಲು ಸಾರಿಗೆ ವಿಷಯ ಬರೆದೆ. ಆತ, ಬೇಸರ ಮಾಡ್ಕೋಬೇಡಿ, ಸ್ಟೂಡೆಂಟ್ ಬಿಟ್ಟು ಹೋಗಿಲ್ಲ ತಾನೇ, ಅದೇ ನಿಮ್ಮ ಗೆಲುವು ಎಂದು ಬರೆದು ಪಕ್ಕದಲ್ಲೊಂದು ಪಂದ್ಯ ಗೆದ್ದವರಿಗೆ ಕೊಡುವ ಕಪ್ಪಿನ ಚಿತ್ರ ಕಳಿಸಿದ. ಇಂಥವನ ಮುಖಕ್ಕೆ ಉಗಿಯಬೇಕು ಎಂದುಕೊಂಡೆ. ಉತ್ತರವಾಗಿ ಥ್ಯಾಂಕ್ಯೂ ಸರ್ ಎಂದು ಟೈಪು ಮಾಡಿದೆ, ಮೇಲಿನ ಹಲ್ಲು ಕಾಣುವಂತೆ ನಗುವ ಗುರುತು ಸೇರಿಸಿ.

ನೀನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವಾಗ ಎಷ್ಟು ಕೂಗಾಡುತ್ತೀ ಎಂದು ಭಾವ ತಮಾಷೆ ಮಾಡುತ್ತಾರಲ್ಲ. ರಜೆಗೆ ಬಂದಾಗ ನಾನೂ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದೇನೆ. ಗಾಡಿ ಕಲಿಯಲು ಬಂದಿದ್ದ ಆ ಬ್ಯಾಂಕಿನ ಮ್ಯಾನೇಜರನ್ನು ನೀನು ನಡುರಸ್ತೆಯಲ್ಲಿ ನಿಲ್ಲಿಸಿ, "ಕನ್ನಡಿ ಇಟ್ಟಿರೋದು ನಿಮ್ಮ ಮೀಸೆ ನೋಡ್ಕೊಳ್ಳೋಕಲ್ಲ ಸಾರ್" ಎಂದೆ. ಆತನ ಕಿವಿ ಕೆಂಪಾಗಿತ್ತು. ನನಗೆ ಆಗ ನಾಚಿಕೆಯಾಯಿತು, ನನ್ನ ಅಕ್ಕನಿಗೆ ಜನರೊಂದಿಗೆ ಮಾತಾಡಲು ಬರುವುದಿಲ್ಲ ಎಂದು. ಆ ಮನುಷ್ಯ ಇವತ್ತಿಗೂ ಜೀವಂತವಾಗಿ ಗಾಡಿ ಓಡಿಸುತ್ತಿದ್ದಾನೆ ತಾನೇ? ನಿನಗೆ ಎಷ್ಟು ಸ್ಟಾರ್ ಕೊಡುತ್ತಿದ್ದನೋ.

ಇನ್ನು ನಿಲ್ಲಿಸುತ್ತೇನೆ. ಅಮ್ಮನಿಗೆ ಈ ಕಾಗದ ತೋರಿಸಬೇಡ, ಅವಳಿಗೆ ನಾನು ಟೀಚರಾಗಿದ್ದೇನೆ ಎಂದು ಹೆಮ್ಮೆ, ಅದು ಹಾಗೇ ಇರಲಿ. ಭಾವನಿಗೆ ನಮಸ್ಕಾರ, ಅವರ ಮೂಗಿಗೆ ನನ್ನ ಸಂತಾಪ. ಪುಟ್ಟಿಗೆ ಬಾಯಿ ತುಂಬ ಹಲ್ಲು ಬರಲಿ, ಬೇಡದ್ದಕ್ಕೆ ಬೇಡ ಎನ್ನುವ ಗಂಟಲೂ ಬರಲಿ ಎಂದು ಈ ಚಿಕ್ಕಮ್ಮ ಹರಸುತ್ತಾಳೆ. ನೀನು ಅಲ್ಲಿಂದಲೇ ನನ್ನ ತಲೆಯ ಮೇಲೆ ಕೈಯಿಡು. ಬೇಕಾದರೆ ಸ್ವಲ್ಪ ಜೋರಾಗಿಯೇ ಇಡು.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಇಂಟರ್ವ್ಯೂಗೆ ಎಂಟು ದಿನ ಮೊದಲು ಅವರು ಪುಸ್ತಕ ಮುಚ್ಚಿ, ಕಪಾಟಿನ ಹತ್ತಿರ ಮುಖ ತಂದು, ಮೆಲ್ಲಗೆ ಕೇಳಿದ್ದರು. "ಟೀಚರ್, ನಿಜ ಹೇಳಿ. ನನ್ನ ಕೈಲಿ ಆಗುತ್ತಾ? ಆಗಲ್ಲ ಅಂದ್ರೆ ಬೇಜಾರಿಲ್ಲ. ಒಂದು ಸಲ ಡೇಟ್ ಮುಂದಕ್ಕೆ ಹಾಕಿಸ್ಕೋಬಹುದು, ಎರಡು ತಿಂಗಳು ಕೊಡ್ತಾರೆ. ಇವತ್ತು ಸಾಯಂಕಾಲದೊಳಗೆ ಹೇಳ್ಬೇಕು." ನಾನು ಗಡಿಯಾರ ನೋಡಿದೆ, ಕ್ಲಾಸು ಮುಗಿಯಲು ಒಂದು ನಿಮಿಷವಿತ್ತು. ಸ್ಟಾರ್ ಕೇಳುವ ಚೌಕ ತೆರೆದುಕೊಳ್ಳುವ ಹೊತ್ತು. "ಆರಾಮಾಗಿ ಪಾಸಾಗ್ತೀರ" ಎಂದೆ. ಎರಡೂ ಕೈ ಬೀಸಿದೆ.

ಬುಧವಾರ ಅವರು ಇದನ್ನು ಎತ್ತಲೇ ಇಲ್ಲ. ನೀವು ಅಷ್ಟು ಚೆನ್ನಾಗಿ ಹೇಳ್ಕೊಟ್ರಿ, ನನ್ನ ತಲೆಗೇ ಹತ್ಲಿಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದರು. ಐದು ಸ್ಟಾರ್ ಕೊಟ್ಟರು. ಇವತ್ತು ಮತ್ತೆ ಬುಕ್ ಮಾಡಿದ್ದಾರೆ, ಇನ್ನು ಇಪ್ಪತ್ತು ನಿಮಿಷವಿದೆ. ನಿಜ ಹೇಳಬೇಕೆಂದೇ ಕೂತಿದ್ದೇನೆ. ಹೇಳಿದರೂ ಅವರು ಐದೇ ಕೊಡುತ್ತಾರೆ ಅಕ್ಕ. ನನಗೆ ಭಯವಾಗುತ್ತಿರುವುದು ಅದಕ್ಕೇ.