ಕಂದು ಚಿಟ್ಟೆ ಬಂದ ಬೇಸಿಗೆ

ಇಫ್ಯೋರ್ಡ್ ಗುಡ್ಡ, ಬೇಸಿಗೆ ಬಿಡಾರ
೧೪ ಜುಲೈ ೧೯೬೨

ಪ್ರೀತಿಯ ಯೊವ್ನಾ,

ಹೇಗಿದ್ದೀಯ? ಮೊಣಕೈ ನೋವು ಇಳಿಯಿತೇ? ಒದ್ದೆ ಕೈಗವಸಿನಲ್ಲಿ ಬಲೆ ಎಳೆಯಬೇಡ. ಹೇಳಿದರೆ ನೀನು ಕೇಳುವವನಲ್ಲ, ಗೊತ್ತು. ನಾನೂ ಮಗಳೂ ಚೆನ್ನಾಗಿದ್ದೇವೆ. ನಮ್ಮ ಹಿಮಸಾರಂಗದ ಮರಿಗಳ ಕಿವಿಗೆ ಗುರುತು ಹಾಕಿ ಮುಗಿಯಿತು.

ಮಾವ ಹೋಗಿಬಿಟ್ಟರು. ಹೇಗೆ ಬರೆಯಬೇಕೋ ತಿಳಿಯದೆ ಹಾಗೆಯೇ ಬರೆದೆ. ಮಂಗಳವಾರ ಹೋದರು, ಶುಕ್ರವಾರ ದೋಣಿಯಲ್ಲಿ ಕೊಲ್ಲಿ ದಾಟಿಸಿ ಚರ್ಚಿನಂಗಳದಲ್ಲಿ ಮಣ್ಣು ಮಾಡಿದೆವು. ನಾನು ಅಳಲಿಲ್ಲ. ಹಿಂದಿರುಗಿ ಕಾಫಿ ಕಾಸಿದೆ, ಅವರ ಬಟ್ಟಲಿಗೂ ಸುರಿದೆ, ಆಮೇಲೆ ಅದನ್ನೂ ನಾನೇ ಕುಡಿದೆ.

ಈ ವರ್ಷ ಆ ಕಂದು ಚಿಟ್ಟೆಗಳ ಸರದಿ. ಬಂಡೆಯ ಮೇಲೆ ಕೂತರೆ ಬಂಡೆಯೇ ಆಗಿಬಿಡುತ್ತವಲ್ಲ, ಅವೇ. "ವರ್ಷ ಬಿಟ್ಟು ವರ್ಷ ಬರೋ ನೆಂಟ ಕಣೇ ಪುಟ್ಟೀ, ಈಗ ನೋಡದಿದ್ರೆ ಇನ್ನು ನಿನ್ನ ಹಲ್ಲು ಬಿದ್ದಮೇಲೇ" ಎಂದು ಮಾವ ಸುನ್ನಾಳನ್ನು ಕೆಣಕುತ್ತಲೇ ಇದ್ದರು. ಮಂಗಳವಾರ ನಾವೆಲ್ಲ ಮರಿಗಳ ಹಿಂದೆ ಓಡುತ್ತಿದ್ದಾಗ ಅವಳು ಒಂದು ಚಿಟ್ಟೆಯ ಬೆನ್ನು ಹತ್ತಿ ಹೋದಳು. ಕಡಲಿನಿಂದ ಮಂಜು ಏರಿತು, ಅವಳು ಕಾಣದಾದಳು. ಪಕ್ಕದ ಗುಡಾರದ ಮಾರ್ಗೆತ್ ಮಾವನ ತೋಳು ಹಿಡಿದು, "ನೀವು ಕೂತ್ಕೊಳ್ಳಿ, ನಿಮ್ಮ ಎದೆ ಸರಿಯಿಲ್ಲ" ಎಂದಳು. "ನಡೆಯೋದು ಕಾಲು ಕಣಮ್ಮ, ಎದೆಯಲ್ಲ" ಎಂದು ಬಿಡಿಸಿಕೊಂಡು, ನಾಯಿಯನ್ನು ಕರೆದುಕೊಂಡು ಗುಡ್ಡ ಹತ್ತಿದರು. ಮಂಜು ಕರಗಿದಾಗ ಸುನ್ನಾ ಸಿಕ್ಕಿದಳು. ತೊರೆಯಾಚೆ ಬಂಡೆಯ ಮರೆಯಲ್ಲಿ ನಿದ್ದೆಹೋಗಿದ್ದಳು, ಮೈ ಬೆಚ್ಚಗೇ ಇತ್ತು. ಅವಳನ್ನು ಹೊತ್ತು ಬರುತ್ತಿದ್ದಂತೆ ಮೇಲಿನ ಕಲ್ಲುರಾಶಿಯಲ್ಲಿ ನಾಯಿ ಊಳಿಟ್ಟಿತು. ಮಾವ ಕಲ್ಲಿಗೆ ಒರಗಿ ಕುಳಿತಿದ್ದರು. ಸುನ್ನಾ ನನ್ನ ಕಂಕುಳಿನಿಂದ ಇಳಿದು ಅವರ ಭುಜ ತಟ್ಟಿದಳು: "ಅಜ್ಜಾ, ಅದು ತಪ್ಪಿಸಿಕೊಂಡ್‌ಬಿಡ್ತು." ನಾನು ಅವಳನ್ನು ಮತ್ತೆ ಎತ್ತಿಕೊಂಡೆ. ಅವರ ಕಣ್ಣು ಮುಚ್ಚಿದವಳು ಮಾರ್ಗೆತ್.

ಚಿಟ್ಟೆಗಳು ಇನ್ನೂ ಹಾರುತ್ತಿವೆ. ನೋಡುತ್ತೇನೆ, ಏನೂ ಅನ್ನಿಸುವುದಿಲ್ಲ. ಸಾರಂಗಗಳನ್ನು ಕೆಳಗಿನ ಗುಡಾರದ ಎಣ್ಣನ ಮನೆಯವರು ನೋಡಿಕೊಳ್ಳುತ್ತಾರೆ; ಆತುರಪಟ್ಟು ಹಡಗು ಬಿಟ್ಟು ಬರಬೇಡ.

ಕಡಲು ನಿನ್ನನ್ನು ಜೋಪಾನವಾಗಿ ದಡ ಸೇರಿಸಲಿ.

ನಿನ್ನ
ರಾವ್ನಾ

ಮರೆತೆ, ಕಾಗದ ಒಯ್ಯುವ ದೋಣಿಯವನು ಕೂಗುತ್ತಿದ್ದಾನೆ. "ಅಜ್ಜ ನನ್ನ ಹುಡುಕೋಕೆ ಹೋಗಿದ್ದಾ?" ಎಂದು ಸುನ್ನಾ ಕೇಳಿದಳು. ಅಲ್ಲ, ನಾಯಿ ತಪ್ಪಿಸಿಕೊಂಡಿತ್ತು, ಅದನ್ನು ಹುಡುಕಲು ಹೋಗಿದ್ದರು ಎಂದೆ. ಬಿಡಾರದವರೆಲ್ಲ ಹಾಗೆಯೇ ಹೇಳುತ್ತಿದ್ದಾರೆ. ಅವರು ನಿನ್ನ ಅಪ್ಪ, ಕಷ್ಟವಾದೀತು. ಆದರೂ ನೀನೂ ಹಾಗೆಯೇ ಹೇಳು. ಓದಿದ ಮೇಲೆ ಈ ಕಾಗದವನ್ನು ಸುಟ್ಟುಬಿಡು. ಅವಳು ಓದಲು ಕಲಿಯುತ್ತಿದ್ದಾಳೆ.