ಒಂಬತ್ತು ದಿನದ ಗೂಡು

ಬೈರಕೂರು
೧೧-೩-೧೯೪೫

ಚಿರಂಜೀವಿ ಸೌಭಾಗ್ಯವತಿ ಗಂಗರತ್ನಳಿಗೆ ನಿನ್ನ ಮಾವ ಸೊಣ್ಣಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಬೇರೆ ರೀತಿಯಲ್ಲಿ ಮಾತು ಶುರು ಮಾಡಲು ನನಗೆ ಬಾರದೆಂದು ನಿನಗೆ ಗೊತ್ತು. ನಮ್ಮ ಮದುವೆಯ ದಿನ ಹಸೆಮಣೆಯ ಮೇಲೆ ಕುಳಿತೇ ಊಟದೆಲೆ ಎಣಿಸಿದವನು ನಾನು. ರೇಷ್ಮೆ ಹುಳುವಿನ ಮೊಟ್ಟೆಗೆ ಹತ್ತು ರೂಪಾಯಿ. ನಮ್ಮ ತೋಟದ್ದು ಸಾಲದೆ ಕೊಂಡ ಹಿಪ್ಪುನೇರಳೆ ಸೊಪ್ಪಿಗೆ ನಲವತ್ತನಾಲ್ಕು. ಸೀಮೆಎಣ್ಣೆಗೆ ನಾಲ್ಕು. ಮುಳಬಾಗಿಲಲ್ಲಿ ಗೂಡು ಮಾರಿಸಿಕೊಟ್ಟ ಕದಿರೇಶನ ದಲ್ಲಾಳಿ ಹದಿನಾಲ್ಕು. ಅಲ್ಲಿಗೆ ಎಪ್ಪತ್ತೆರಡು. ಗೂಡಿಗೆ ಬಂದದ್ದು ಇನ್ನೂರ ಎಪ್ಪತ್ತೆರಡು. ಕಳೆದರೆ ಸರಿಯಾಗಿ ಇನ್ನೂರು. ಒಂದಾಣೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆಮೇಲಿನ ಖರ್ಚು ನನ್ನ ಅಕ್ಕನದು, ಎಂದರೆ ನಿನ್ನ ತಾಯಿ ಅಕ್ಕಯಮ್ಮನದು. ಮೇಲೆ ಹೊದಿಸಿದ ಬಟ್ಟೆಗೆ ಒಂಬತ್ತು, ಅದೂ ಕಾಳಸಂತೆಯಲ್ಲಿ. ತಿಥಿಗೆ ಐವತ್ತಮೂರು. ಗುಂಡಿ ತೆಗೆದವರು ಪ್ಲೇಗಿನ ಹೆಣವೆಂದು ಎಂಟು ಕೇಳಿದರು, ಆರಕ್ಕೆ ಇಳಿಸಿದೆ. ಹೌದು, ಅಲ್ಲಿಯೂ ಚೌಕಾಸಿ ಮಾಡಿದೆ. ಕೈಯಲ್ಲಿ ಉಳಿದದ್ದು ನೂರ ಮೂವತ್ತೆರಡು.

ನಿನ್ನ ಕಾಗದ ಬಂತು. ತಿಥಿ ಮುಗಿದ ದಿನವೇ ಒಂದು ಮಾತೂ ಆಡದೆ ಗೌನಿಪಲ್ಲಿಯ ದೊಡ್ಡಪ್ಪನ ಮನೆಗೆ ಹೊರಟುಹೋದವಳು ತಿಂಗಳಾದ ಮೇಲೆ ಬರೆದಿದ್ದೀಯ. ಅಮ್ಮನಿಗೆ ನನಗಿಂತ ಹುಳುವೇ ಹೆಚ್ಚಾಯಿತಲ್ಲ, ಜ್ವರ ಬಂದಾಗ ಆಸ್ಪತ್ರೆಗೆಂದು ನೀವು ಕೈ ಹಿಡಿದು ಎಳೆದರೂ ಮನೆ ಬಿಟ್ಟು ಬರಲಿಲ್ಲವಲ್ಲ, ಅವಳ ಮೇಲಿನ ಸಿಟ್ಟು ಆರುವುದೇ ಇಲ್ಲ, ಅವಳ ಹೆಸರಿಗೆ ದೀಪ ಹಚ್ಚುವುದನ್ನೂ ನಿಲ್ಲಿಸಿದ್ದೇನೆ ಎಂದಿದ್ದೀಯ. ಕೊನೆಗೆ, ನಿಮ್ಮ ಮೇಲೆ ನನಗೇನೂ ಇಲ್ಲ ಮಾವ, ಯುಗಾದಿಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ.

ಓದಿ ಸಂತೋಷವಾಯಿತು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು. ಆಮೇಲೆ ಆ ದೀಪದ ಮಾತು ಎದೆಗೆ ನಾಟಿತು. ಸುಮ್ಮನಿದ್ದರೆ ನೀನು ಬರುತ್ತೀಯ. ಈ ಕಾಗದ ಹಾಕಿದರೆ ಬಹುಶಃ ಬರುವುದಿಲ್ಲ. ನಾಲ್ಕು ದಿನ ತೂಗಿ ನೋಡಿ ಬರೆಯುತ್ತಿದ್ದೇನೆ.

ನಾನು ಅಕ್ಕನ ಕೈ ಹಿಡಿದು ಎಳೆಯಲಿಲ್ಲ. ಬಾ ಎಂದು ಕರೆಯಲೂ ಇಲ್ಲ. ನಿನಗೆ ನಾನು ಹೇಳಿದ್ದು ಸುಳ್ಳು.

ನೀನು ದೊಡ್ಡಪ್ಪನ ಮಗಳ ಮದುವೆಗೆ ಹೋದ ಎರಡನೆಯ ದಿನ ಬೆಳಗ್ಗೆ, ಹುಳುವಿನ ತಟ್ಟೆಗಳ ಅಡಿಯಲ್ಲಿ ಒಂದು ಇಲಿ ಸತ್ತು ಬಿದ್ದಿತ್ತು. ಗಾಯವಿಲ್ಲ, ರಕ್ತವಿಲ್ಲ. ಇಲಿ ಬಿದ್ದರೆ ಏನು ಮಾಡಬೇಕೆಂದು ನಮ್ಮೂರಿನ ಕೂಸಿಗೂ ಗೊತ್ತು. ಪಟೇಲರಿಗೆ ಹೇಳಬೇಕು. ಊರಿಗೆ ಊರೇ ಪಾತ್ರೆ ಪಡಗ ಹೊತ್ತು ಹೊಲದ ಗುಡಿಸಲುಗಳಿಗೆ ಹೋಗಬೇಕು. ಬಿಟ್ಟ ಮನೆಗಳಿಗೆ ಔಷಧಿ ಹೊಡೆಯುತ್ತಾರೆ. ಔಷಧಿಯ ಮನೆಯಲ್ಲಿ ಹುಳು ಉಳಿಯುವುದಿಲ್ಲ. ಗಾಳಿ, ಇರುವೆಗೆ ಬಾಯಿಬಿಟ್ಟ ಗುಡಿಸಲಲ್ಲೂ ಉಳಿಯುವುದಿಲ್ಲ. ಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಗಲು ಇನ್ನೂ ನಾಲ್ಕು ದಿನವಿತ್ತು. ಬಿದಿರಿನ ಚಂದ್ರಂಕಿಗೆ ಬಿಟ್ಟು, ಅವು ಗೂಡು ಕಟ್ಟಿ, ನಾವು ಬಿಡಿಸಲು ಐದು ದಿನ. ನನಗೆ ಒಂಬತ್ತು ದಿನ ಬೇಕಿತ್ತು.

ಯಾಕೆಂದು ನಿನಗೆ ಗೊತ್ತು. ಮುಳಬಾಗಿಲು ಪೇಟೆಯ ಮಳಿಗೆ, ಶಿವರಾತ್ರಿಯೊಳಗೆ ಇನ್ನೂರು ರೂಪಾಯಿ ಮುಂಗಡ. ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡು. ಅತ್ತ ಕದಿರೇಶ ಕಂಡಾಗಲೆಲ್ಲ ಚುಚ್ಚುತ್ತಿದ್ದ: "ಸೋಲ್ಜರ್‌ಗಳು ಆಕಾಶದಿಂದ ಇಳಿಯೋ ಕೊಡೆ ಈ ರೇಷ್ಮೇಲೇ ಮಾಡೋದು ಸೊಣ್ಣಪ್ಪಾ. ನಾಳೆ ಯುದ್ಧ ನಿಂತ್ರೆ ನಿನ್ನ ಗೂಡನ್ನ ನಾಯೀನೂ ಮೂಸಲ್ಲ ನೋಡು!"

ಹುಳು ತಿನ್ನಲು ಬರುವ ಇಲಿಗೆಂದು ನಾನೇ ಪಾಷಾಣ ಇಟ್ಟಿದ್ದೆನಲ್ಲ, ಅದನ್ನೇ ತಿಂದಿರಬೇಕು ಎಂದುಕೊಂಡೆ. ಆದರೆ ಪಾಷಾಣ ತಿಂದ ಇಲಿಯನ್ನು ಯಾರೂ ಸೊಪ್ಪಿನ ಮಕ್ಕರಿಯಲ್ಲಿ ಮುಚ್ಚಿ ಒಯ್ದು, ತಿಪ್ಪೆಯಲ್ಲಿ ಮೊಳದಾಳ ಅಗೆದು ಹೂಳುವುದಿಲ್ಲ. ನಾನು ಹೂತೆ. ಕೈ ತೊಳೆದು ಬಂದು ಅಕ್ಕನ ಜೊತೆ ಕುಳಿತು ಅಂಬಲಿ ಕುಡಿದೆ.

ಹುಳು ಚೆನ್ನಾಗಿ ಹಣ್ಣಾದವು. ಅಂಥ ಬೆಳೆ ಹತ್ತು ವರ್ಷದಲ್ಲಿ ಬಂದಿರಲಿಲ್ಲ. ಇಲಿ ಬಿದ್ದ ಏಳನೆಯ ದಿನ ಅಕ್ಕನಿಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗಂಟು ಎದ್ದಿತು. ಆಸ್ಪತ್ರೆಗೆ ಸೇರಿಸಿದರೆ ಪ್ಲೇಗೆಂದು ಬರೆದುಕೊಳ್ಳುತ್ತಾರೆ, ಊರು ಖಾಲಿ ಮಾಡಿಸುತ್ತಾರೆ. ಇನ್ನು ಎರಡೇ ದಿನವಿತ್ತು. ಒದ್ದೆ ಬಟ್ಟೆ ಹಾಕಿ, ಇದು ಸೆಖೆಗೆ ಬಂದ ಜ್ವರ ಎಂದೆ. ಮಾಘ ಮಾಸದ ಚಳಿಯಲ್ಲಿ ಸೆಖೆ ಎಂದೆ, ಗಂಗಾ. ಅಕ್ಕ ತಲೆಯಾಡಿಸಿದಳು.

ಒಂಬತ್ತನೆಯ ದಿನ ಗಾಡಿ ಕಟ್ಟಿ ಮುಳಬಾಗಿಲಿಗೆ ಹೋದೆ. ಗೂಡಿನ ಮೂಟೆಗಳೊಂದಿಗೆ. ಹತ್ತನೆಯ ದಿನ ಬೆಳಗ್ಗೆ ಅಕ್ಕ ಹೋದಳು. ಆಗ ಪಟೇಲರ ಮನೆಗೆ ಓಡಿ, ಈಗ ತಾನೇ ಇಲಿ ಬಿತ್ತು ಎಂದೆ. ಊರು ಎದ್ದು ಹೊಲಕ್ಕೆ ಹೋಯಿತು. ಪಕ್ಕದ ಮನೆಯ ಮುನಿಯಲ್ಲಮ್ಮನ ಗಂಡ ದೊಡ್ಡವೆಂಕಟಪ್ಪ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ. ಗುಡಿಸಲಿನಲ್ಲಿ ಮೂರು ದಿನವಿದ್ದು ಸತ್ತ. ಮುನಿಯಲ್ಲಮ್ಮನಿಗೆ ಏನೂ ಗೊತ್ತಿಲ್ಲ. "ಪಾಪ, ಒಂಟಿಯಾಗಿಬಿಟ್ಟೆ ಕಣಪ್ಪಾ ನೀನು" ಎಂದು ದಿನಾ ಮಜ್ಜಿಗೆ ಕಳಿಸುತ್ತಾಳೆ. ಬೇಡವೆಂದರೆ ಕಾರಣ ಹೇಳಬೇಕು. ಕುಡಿಯುತ್ತೇನೆ.

ಮಳಿಗೆ ಬೇರೆಯವರ ಪಾಲಾಯಿತು. ಅರವತ್ತೆಂಟು ರೂಪಾಯಿ ಕಡಿಮೆಯಿತ್ತಲ್ಲ. ನಿನ್ನೆ ಆ ದಾರಿಯಲ್ಲಿ ಬಂದಾಗ ನೋಡಿದೆ. ಎಂಟು ಅಡಿ ಅಗಲ, ಒಳಗೆ ಗೋಡೆ ಒಸರುತ್ತದೆ.

ಅಪ್ಪ ಅಮ್ಮ ಸತ್ತಾಗ ನನಗೆ ಐದು ವರ್ಷ. ಅಕ್ಕ ಕಂಡವರ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಸಾಕಿದಳು, ಮಗ್ಗಿ ಕಲಿಯಲು ಕಳಿಸಿದಳು, ಕೊನೆಗೆ ತನ್ನ ಮಗಳನ್ನೇ ಕೊಟ್ಟಳು. ನಾನು ಯಾರಿಗೂ ಒಂದು ಕಾಸು ಬಾಕಿ ಇಟ್ಟವನಲ್ಲ ಎಂದು ಸಂತೆಯಲ್ಲಿ ಎದೆ ತಟ್ಟಿಕೊಳ್ಳುತ್ತಿದ್ದೆನಲ್ಲ, ಅವಳದ್ದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ರಸೀದಿಯಿಲ್ಲದ ವ್ಯವಹಾರವನ್ನು ನಾನು ವ್ಯವಹಾರವೆಂದೇ ಎಣಿಸಿರಲಿಲ್ಲ. ದುಡ್ಡು ಇರಬೇಕು, ಬೇಡವೆಂದು ಈಗಲೂ ಹೇಳಲಾರೆ. ಹಸಿದು ಬೆಳೆದವನು ನಾನು. ಆದರೆ ಎಷ್ಟಾದರೆ ಸಾಕು ಎಂದು ಅಕ್ಕ ಇದ್ದಾಗ ಕೇಳಿಕೊಳ್ಳಲಿಲ್ಲ. ಈಗ ಕೇಳಿಕೊಂಡರೆ ಉತ್ತರ ಯಾರಿಗೆ ಬೇಕು?

ನಿನ್ನ ಅಮ್ಮನ ಮೇಲೆ ಸಿಟ್ಟು ಬೇಡ. ದೀಪ ಹಚ್ಚು. ಯುಗಾದಿಗೆ ಬಾ ಎನ್ನಲು ನನಗೆ ಬಾಯಿಲ್ಲ. ತಟ್ಟೆ, ಚಂದ್ರಂಕಿಗಳನ್ನೆಲ್ಲ ಸುಟ್ಟಿದ್ದೇನೆ. ಮನೆಯಲ್ಲಿ ಈಗ ಒಂದು ಇಲಿಯೂ ಇಲ್ಲ.

ಇಂತು ನಿನ್ನ ಮಾವ,
ಸೊಣ್ಣಪ್ಪ

ಇನ್ನೊಂದು ಮಾತು: ಇದನ್ನು ಬರೆಯಬಾರದೆಂದು ಮೇಲೆ ಸಹಿ ಹಾಕಿದ್ದೆ. ಒಂಬತ್ತನೆಯ ದಿನ ಸಂಜೆ ಮುಳಬಾಗಿಲಿಂದ ಬಂದು ನೋಟುಗಳನ್ನು ಅಕ್ಕನ ಕೈಯಲ್ಲಿಟ್ಟೆ. ಅವಳು ಮುಟ್ಟಿ ನೋಡಿ ಹಿಂದಕ್ಕೆ ಕೊಟ್ಟಳು. "ನಾಯ್ನಾ, ಅವತ್ತು ನೀನು ತಿಪ್ಪೇಲಿ ಹೂತಿದ್ದು ನೋಡ್ದೆ ಕಣೋ" ಎಂದಳು. ಮತ್ತೆ ಯಾಕೆ ಹೇಳಲಿಲ್ಲ, ಯಾಕೆ ಹೊರಟುಹೋಗಲಿಲ್ಲ ಅಕ್ಕಾ, ಎಂದೆ. "ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ" ಎಂದಳು. ಆಮೇಲೆ, "ಗಂಗಂಗೆ ಹೇಳ್ಬೇಡ, ಅವಳು ನಿನ್ನ ಜೊತೆ ಬಾಳ್ಬೇಕು" ಎಂದಳು. ಅವಳ ಆ ಮಾತನ್ನೂ ಇವತ್ತು ಮುರಿದೆ.

ಯಾರಿಗೆ ಏನು ಬಂತೆಂದರೆ, ಕದಿರೇಶನಿಗೆ ಹದಿನಾಲ್ಕು ರೂಪಾಯಿ, ಗುಂಡಿ ತೆಗೆದವರಿಗೆ ಆರು. ಯಾವನೋ ಸೋಲ್ಜರನಿಗೆ ಒಂದು ಕೊಡೆ. ಮುನಿಯಲ್ಲಮ್ಮನಿಗೆ ಬರಿಗೈ. ನಿನಗೆ ಈ ಕಾಗದ. ಅಕ್ಕನಿಗೆ ಒಂಬತ್ತು ರೂಪಾಯಿಯ ಬಟ್ಟೆ. ನನಗೆ ನೂರ ಮೂವತ್ತೆರಡು.